ಡಬ್ಬಿಯ ಪಾಲು

ತೊಗರಿಬೇಳೆಯ ಡಬ್ಬಿಯ ವಿಷಯಕ್ಕೆ ನಮ್ಮ ಮನೆಯಲ್ಲಿ ಪ್ರತಿ ತಿಂಗಳೂ ಒಂದು ಸಣ್ಣ ಜಗಳ ಆಗುತ್ತದೆ. ಜಗಳ ಅಂದರೆ ಪಾತ್ರೆ ಹಾರುವಂಥದ್ದಲ್ಲ. ನಮ್ಮ ಮನೆಯವರು ಹೇಳುವುದು, ನಾನು ಕೇಳಿಸದವಳ ಹಾಗೆ ಇರುವುದು, ಅಷ್ಟೇ. ಹೊಸ ಬೇಳೆ ತಂದ ದಿನ ನಾನು ಡಬ್ಬಿಯ ತಳದಲ್ಲಿ ಉಳಿದ ಹಳೆಯ ಬೇಳೆಯನ್ನು ತೆಗೆಯುವುದಿಲ್ಲ. ಅದರ ಮೇಲೆಯೇ ಹೊಸದನ್ನು ಸುರುವಿ ಮುಚ್ಚಳ ಹಾಕಿಬಿಡುತ್ತೇನೆ. ಅವರು ಇಡೀ ನೌಕರಿಯನ್ನು ಕಾರ್ಖಾನೆಯ ಸ್ಟೋರ್ಸಿನಲ್ಲಿ ಕಳೆದವರು. ಹಳೆಯ ಮಾಲು ಮೊದಲು ಹೊರಗೆ ಹೋಗಬೇಕು, ಆಮೇಲೆ ಹೊಸ ಮಾಲು ಒಳಗೆ ಬರಬೇಕು ಎಂಬುದು ಅವರಿಗೆ ವೇದವಾಕ್ಯ. ಹುಳ ಬೀಳುತ್ತದೆ ಎನ್ನುತ್ತಾರೆ. ಬಿದ್ದ ಹುಳವಾದರೂ ಹೊಟ್ಟೆ ತುಂಬ ಉಣ್ಣಲಿ ಎಂದು ನಾನು ಒಲೆಯ ಕಡೆ ತಿರುಗುತ್ತೇನೆ.

ಇದು ನನಗೆ ತವರಿನಿಂದ ಬಂದ ಅಭ್ಯಾಸವೇನೂ ಅಲ್ಲ. ನನ್ನ ಅವ್ವ ಪ್ರತಿ ಅಮಾವಾಸ್ಯೆಗೆ ಮನೆಯ ಡಬ್ಬಿಗಳನ್ನೆಲ್ಲ ಬರಿದು ಮಾಡಿ, ಬೂದಿ ಹಚ್ಚಿ ತಿಕ್ಕಿ, ಅಂಗಳದಲ್ಲಿ ಸಾಲಾಗಿ ಬಿಸಿಲಿಗೆ ಇಡುತ್ತಿದ್ದಳು. ಅತ್ತೆಯಂತೂ ಇನ್ನೂ ಒಂದು ಕೈ ಮೇಲು. ಈ ಚಟವನ್ನು ನನಗೆ ಅಂಟಿಸಿದವಳು ನಾಲ್ಕನೇ ತರಗತಿಯ ಒಬ್ಬ ಹುಡುಗಿ. ನಾನು ಅವಳಿಗೆ ಭಾಗಾಕಾರ ಕಲಿಸಲು ಹೋಗಿದ್ದೆ.

ಗಣಿತದ ಟೀಚರು ಎಂದ ಕೂಡಲೇ ನೀವು ನನ್ನನ್ನು ಜಾಣೆ ಎಂದುಕೊಂಡರೆ ಅದು ನಿಮ್ಮ ದೊಡ್ಡತನ. ಗದಗಿನ ಕಡೆಯ ನಮ್ಮೂರಿನಲ್ಲಿ ದೀಪ ಹಚ್ಚುವ ಹೊತ್ತಿಗೆ ಕೈಕಾಲು ತೊಳೆದು, ಹಣೆಗೆ ವಿಭೂತಿ ಇಟ್ಟುಕೊಂಡು, ಪಡಸಾಲೆಯಲ್ಲಿ ಸಾಲಾಗಿ ಕೂತು ಮಗ್ಗಿ ಹೇಳಬೇಕಿತ್ತು. ಅಪ್ಪ ಕಂಬಕ್ಕೆ ಒರಗಿ ಕಣ್ಣು ಮುಚ್ಚಿ ಕೇಳುತ್ತಿದ್ದ. ನಾನು ಕಂಡುಕೊಂಡ ಉಪಾಯವೆಂದರೆ ಅಕ್ಕನ ದನಿಯ ಹಿಂದೆ ನನ್ನ ದನಿಯನ್ನು ಒಂದಿಷ್ಟೇ ತಡವಾಗಿ ಬಿಡುವುದು. ಅವಳು ಹೇಳಿದ್ದರ ಬಾಲ ಹಿಡಿದುಕೊಂಡೇ ಹದಿಮೂರರ ಮಗ್ಗಿಯವರೆಗೆ ದಾಟಿಬಂದೆ. ಅಕ್ಕನಿಗೆ ಮಂಗನಬಾವು ಬಂದು ಕೆನ್ನೆ ಊದಿಕೊಂಡ ಒಂದು ಸಂಜೆ ಅಪ್ಪ ಕಣ್ಣು ತೆರೆದ. ಹದಿನಾಲ್ಕೇಳಲೆ ಎಷ್ಟು ಎಂದ. ನೀರು ಕುಡಿದು ಬರುತ್ತೇನೆಂದು ಎದ್ದವಳು ಊಟದ ಹೊತ್ತಿಗೆ ಬಂದೆ. ಈಗಲೂ ಹದಿನಾಲ್ಕರ ಮಗ್ಗಿ ಕಿವಿಗೆ ಬಿದ್ದರೆ ನನಗೆ ಬಾಯಾರಿಕೆ ಆಗುತ್ತದೆ.

ಇಂಥವಳು ಮದುವೆಯಾಗಿ ಗೋವಾಕ್ಕೆ ಬಂದೆ. ಗೋವಾ ಎಂದ ಕೂಡಲೇ ಊರಿನ ಗೆಳತಿಯರ ಕಣ್ಣಿಗೆ ಸಮುದ್ರ ಕಂಡಿತ್ತು. ನನಗೆ ಸಿಕ್ಕದ್ದು ಸಾಂಕೋಲೆಯಲ್ಲಿ ಎರಡು ಕೋಣೆಯ ಮನೆ ಮತ್ತು ಕಾರ್ಖಾನೆಗಳ ಸೈರನ್ನು. ಒಂದು ಸೈರನ್ನಿಗೆ ಒಲೆ ಹಚ್ಚುವುದು, ಇನ್ನೊಂದಕ್ಕೆ ಅನ್ನ ಬಸಿಯುವುದು. ಶಿಕ್ಷಕಿಯ ತರಬೇತಿ ಆಗಿತ್ತು ಎಂದು ಗೊತ್ತಾದ ಮೇಲೆ ಝುವಾರಿನಗರದ ನಮ್ಮ ಕಡೆಯ ಮಂದಿ ಬಂದು ಕರೆದರು. ಅವರೇ ಸೇರಿ ನಡೆಸುತ್ತಿದ್ದ ಸಣ್ಣ ಕನ್ನಡ ಶಾಲೆ ಅದು, ಒಂದರಿಂದ ನಾಲ್ಕನೇ ತರಗತಿಯವರೆಗೆ. ಯಾವ ಶಾಲೆಯಲ್ಲಾದರೂ ಕೊನೆಗೆ ಬಂದ ಟೀಚರಿಗೆ ಉಳಿದ ವಿಷಯವೇ ಸಿಗುವುದು. ಕನ್ನಡ, ಪರಿಸರ, ಹಾಡು, ಕಸೂತಿ ಎಲ್ಲ ಹಂಚಿಹೋಗಿತ್ತು. ಶೇಷವಾಗಿ ಉಳಿದದ್ದು ಗಣಿತ.

ತಗಡಿನ ಮಾಡಿನ ಒಂದೇ ಕೋಣೆಯಲ್ಲಿ ಮೂರನೆಯವರೂ ನಾಲ್ಕನೆಯವರೂ ಬೆನ್ನಿಗೆ ಬೆನ್ನು ಮಾಡಿ ಕೂರುತ್ತಿದ್ದರು. ಅತ್ತ ಮೂರನೆಯವರು ಏಳರ ಮಗ್ಗಿ ಹೇಳುವಾಗ ಇತ್ತ ನಾಲ್ಕನೆಯವರು ಐದರಿಂದ ಭಾಗಿಸುತ್ತಿದ್ದರೆ, ಉತ್ತರದಲ್ಲಿ ಏಳರ ಮಗ್ಗಿ ನುಸುಳಿ ಬರುತ್ತಿತ್ತು. ಮಳೆಗಾಲದಲ್ಲಿ ತಗಡಿನ ಮೇಲಿನ ಸದ್ದಿಗೆ ಯಾರ ಮಗ್ಗಿಯೂ ಯಾರಿಗೂ ಕೇಳುತ್ತಿರಲಿಲ್ಲ. ಆಗ ಎಲ್ಲರ ಉತ್ತರವೂ ಸರಿಯಾಗಿರುತ್ತಿತ್ತು ಎಂದರೆ ನೀವು ನಂಬಬೇಕು.

ಮಕ್ಕಳ ಅಪ್ಪಂದಿರು ಬಂದರಿನಲ್ಲೋ, ಕಾರ್ಖಾನೆಗಳಲ್ಲೋ, ಕಟ್ಟಡಗಳಲ್ಲೋ ದಿನಗೂಲಿ ಮಾಡುವವರು. ಅವ್ವಂದಿರೂ ಅದೇ ಕಟ್ಟಡಗಳಲ್ಲಿ ಬುಟ್ಟಿ ಹೊರುವವರು. ಈ ಮಕ್ಕಳು ಕುಂಟಬಿಲ್ಲೆ ಆಡುವಾಗ ಏಕ್, ದೋನ್, ತೀನ್ ಎಂದು ಎಣಿಸುತ್ತಿದ್ದರು. ಜಗಳ ಹಿಂದಿಯಲ್ಲಿ. ಬಿದ್ದು ಮೊಣಕಾಲು ಕೆತ್ತಿಕೊಂಡಾಗ ಮಾತ್ರ ಶುದ್ಧ ವಿಜಾಪುರದ ಕನ್ನಡದಲ್ಲಿ ಅಳುತ್ತಿದ್ದರು. ಊರಿನಿಂದ ಹೊಸದಾಗಿ ಬಂದವರು ನನ್ನನ್ನು ಅಕ್ಕಾರ ಎನ್ನುತ್ತಿದ್ದರು, ಇಲ್ಲೇ ಹುಟ್ಟಿದವರು ಕೊಂಕಣಿಯವರ ಹಾಗೆ ಬಾಯ್ ಎನ್ನುತ್ತಿದ್ದರು. ಎರಡಕ್ಕೂ ನಾನು ಓ ಎನ್ನುತ್ತಿದ್ದೆ.

ಭಾಗಾಕಾರ ಕಲಿಸಲು ನನ್ನ ಹತ್ತಿರ ಇದ್ದ ಸಾಮಾನು ಎಂದರೆ ಒಂದು ಬಿಸ್ಕೀಟಿನ ಡಬ್ಬಿ, ಅದರ ತುಂಬ ಹುಣಸೆಬೀಜ. ಸಾರು ಮಾಡುವಾಗಲೆಲ್ಲ ಬೀಜ ತೊಳೆದು ಒಣಗಿಸಿ ಕೂಡಿಟ್ಟದ್ದು. ಹುಡುಗರನ್ನು ಸುತ್ತ ಕೂರಿಸಿ, ಒಬ್ಬರ ಕೈಗೆ ಡಬ್ಬಿ ಕೊಟ್ಟು, ಇಷ್ಟು ಬೀಜವನ್ನು ಇಷ್ಟು ಮಂದಿಗೆ ಸಮನಾಗಿ ಹಂಚು ಎನ್ನುವುದು. ಹಂಚಿದ ಮೇಲೆ ಒಬ್ಬರಿಗೆ ಬಂದದ್ದು ಭಾಗಲಬ್ಧ, ಡಬ್ಬಿಯಲ್ಲಿ ಉಳಿದದ್ದು ಶೇಷ. ಮಕ್ಕಳಿಗೆ ಇದು ಭಾಳ ಹಿಡಿಸಿತ್ತು. ಎಷ್ಟು ಹಿಡಿಸಿತ್ತೆಂದರೆ ವಾರದಿಂದ ವಾರಕ್ಕೆ ನನ್ನ ಬೀಜಗಳು ಕಡಿಮೆಯಾಗುತ್ತ ಹೋದವು. ಒಂದು ದಿನ ಶಾಲೆಯ ಹಿಂದಿನಿಂದ ಹುರಿದ ವಾಸನೆ ಬಂತೆಂದು ಹೋಗಿ ನೋಡಿದರೆ, ಹರಕು ತಗಡಿನ ಮೇಲೆ ನನ್ನ ಭಾಗಾಕಾರವನ್ನು ಹುರಿದುಕೊಂಡು ಕಟಕಟ ತಿನ್ನುತ್ತಿದ್ದರು. ನನಗೂ ನಾಲ್ಕು ಕೊಟ್ಟರು. ಚಲೋ ಇದ್ದವು.

ಆ ವರ್ಷ ಶಾಲೆ ಶುರುವಾಗಿ ಕೆಲವು ದಿನಗಳಾದ ಮೇಲೆ ರೇಣುಕಾ ಬಂದಳು. ಎಣ್ಣೆ ಹಚ್ಚಿ ಬಿಗಿದು ಹೆಣೆದ ಎರಡು ಜಡೆ, ಸೊಂಟದ ಮೇಲೆ ಸದಾ ಒಬ್ಬ ತಮ್ಮ. ತಮ್ಮನನ್ನು ಪಕ್ಕದ ಮನೆಯ ಮುದುಕಿಯ ಬಳಿ ಬಿಟ್ಟು ಬರುವುದು ಅಭ್ಯಾಸವಾಗುವವರೆಗೆ ಅವನೂ ನಾಲ್ಕನೇ ತರಗತಿಯಲ್ಲೇ ಕೂತ. ಅವಳ ಅಪ್ಪ ಭೀಮಪ್ಪ ಸೆಂಟ್ರಿಂಗ್ ಗ್ಯಾಂಗಿನಲ್ಲಿದ್ದ. ಸ್ಲ್ಯಾಬಿಗೆ ಹಲಗೆ ಕಟ್ಟುವ, ಆಮೇಲೆ ಬಿಚ್ಚುವ ಕೆಲಸ. ಕಟ್ಟಡ ಮುಗಿದರೆ ಆಳುಗಳನ್ನು ಹೊಂದಿಸುವ ಮುಕಾದಮ ಗ್ಯಾಂಗನ್ನು ಇನ್ನೊಂದು ಊರಿಗೆ ಎಬ್ಬಿಸಿಕೊಂಡು ಹೋಗುತ್ತಿದ್ದ. ಹೀಗಾಗಿ ರೇಣುಕಾ ಒಂದು ಇಡೀ ವರ್ಷವನ್ನು ಒಂದೇ ಶಾಲೆಯಲ್ಲಿ ಮುಗಿಸಿದ್ದೇ ಇಲ್ಲ. ಕೂಡಿಸುವುದು ಒಂದೂರಿನಲ್ಲಿ ಕಲಿತಿದ್ದಳು, ಗುಣಿಸುವುದು ಇನ್ನೊಂದೂರಿನಲ್ಲಿ. ಭಾಗಾಕಾರ ಶುರುವಾಗುವ ಹೊತ್ತಿಗೆ ಆ ಊರೂ ಬಿಟ್ಟಾಗಿತ್ತು.

ನಮ್ಮ ಹೆಡ್ ಮಾಸ್ತರು ಪಾಟೀಲ ಸರ್ ಮೊದಲ ದಿನವೇ ನನ್ನನ್ನು ಕರೆದು ಹೇಳಿದರು. ಈ ಹುಡುಗಿ ನಾಲ್ಕನೆಯದನ್ನು ಇಲ್ಲಿ ಪೂರಾ ಮುಗಿಸಿ, ಕಾಗದ ಕೈಯಲ್ಲಿ ಹಿಡಿದು ಐದಕ್ಕೆ ಹೋದರೆ ಅವಳ ಓದು ಉಳಿಯುತ್ತದೆ. ಈ ವರ್ಷವೂ ನಡುವೆ ಎದ್ದರೆ ಮತ್ತೆ ಶಾಲೆಯ ಮೆಟ್ಟಿಲು ಹತ್ತುವುದಿಲ್ಲ, ತಮ್ಮನನ್ನು ಆಡಿಸಿಕೊಂಡು ಸೈಟಿನಲ್ಲೇ ಕೂರುತ್ತಾಳೆ. ಅಂಥ ಹುಡುಗಿಯರನ್ನು ಅವರು ಭಾಳ ನೋಡಿದ್ದರು. ನಾನು ಬಡಿಗೆ ಹಿಡಿದುಕೊಂಡು ಮುಕಾದಮನನ್ನು ತಡೆಯುವ ಹಾಗಿರಲಿಲ್ಲ. ಕಡೆಗೆ ಭಾಗಾಕಾರವನ್ನಾದರೂ ಬೇಗ ಕಲಿಸಿಬಿಡೋಣ ಎಂದು ಹೊರಟೆ.

ಹನ್ನೆರಡು ಬೀಜವನ್ನು ನಾಲ್ಕು ಮಂದಿಗೆ ಹಂಚು ಎಂದು ಅವಳ ಕೈಗೆ ಡಬ್ಬಿ ಕೊಟ್ಟೆ. ಚುರುಕು ಹುಡುಗಿ, ಕಣ್ಣು ಮಿಟುಕಿಸುವುದರೊಳಗೆ ಎಲ್ಲರಿಗೂ ಎರಡೆರಡು ಹಾಕಿದಳು. ಆಮೇಲೆ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ನಾಲ್ಕು ಬೀಜ ಉಳಿದಿವೆಯಲ್ಲ ಎಂದೆ. ಹೌದ್ರಿ ಎಂದಳು. ಅವನ್ನೂ ಹಂಚು ಎಂದೆ. ತಲೆ ಅಲ್ಲಾಡಿಸಿದಳು.

"ಹಂಚಿದ್ರ ಡಬ್ಬಿ ಬರಿದಾಕೈತ್ರಿ ಅಕ್ಕಾರ."

ಭಾಗಾಕಾರ ಎಂದರೇ ಬರಿದು ಮಾಡುವುದು ಎಂದು ನಾನು ದೊಡ್ಡ ವಿದ್ವಾಂಸರ ಹಾಗೆ ಹೇಳಿದೆ. ಅವಳು ಕೇಳಿಸಿಕೊಂಡಳು, ಬೀಜ ಮಾತ್ರ ಕೊಡಲಿಲ್ಲ. ಪಾಟಿಯ ಮೇಲೂ ಅದೇ ಕಥೆ. ಇಪ್ಪತ್ತೈದನ್ನು ಆರರಿಂದ ಭಾಗಿಸು ಎಂದರೆ ಭಾಗಲಬ್ಧ ನಾಲ್ಕು, ಶೇಷ ಒಂದು ಎಂದು ಎಲ್ಲರಿಗಿಂತ ಮೊದಲು ಕೈ ಎತ್ತುವಳು. ಇಪ್ಪತ್ನಾಲ್ಕನ್ನು ಆರರಿಂದ ಭಾಗಿಸು ಎಂದರೆ ಭಾಗಲಬ್ಧ ಮೂರು, ಶೇಷ ಆರು. ಶೇಷ ಯಾವಾಗಲೂ ಭಾಜಕಕ್ಕಿಂತ ಚಿಕ್ಕದಿರಬೇಕು ಎಂಬ ನಿಯಮವನ್ನು ಗಿಣಿಯ ಹಾಗೆ ಒಪ್ಪಿಸುತ್ತಿದ್ದಳು. ಒಪ್ಪಿಸಿ ಮುಗಿದ ಮೇಲೆ ಮತ್ತೆ ಆರನ್ನು ಉಳಿಸುತ್ತಿದ್ದಳು. ಪಾಟೀಲ ಸರ್ ಅವಳ ಪಾಟಿಯನ್ನು ಆ ಕೈಯಿಂದ ಈ ಕೈಗೆ ತಿರುಗಿಸಿ ನೋಡಿ, ಕಠಿಣ ಲೆಕ್ಕ ಬರುವ, ಸರಳ ಲೆಕ್ಕ ಬಾರದ ಹುಡುಗಿಯನ್ನು ತಮ್ಮ ಸರ್ವೀಸಿನಲ್ಲೇ ಕಂಡಿಲ್ಲ ಎಂದರು. ಕಲಿಸುವವರ ಗುಣ ಇರಬೇಕು ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ, ನಾನೇ ಅಂದುಕೊಂಡೆ.

ಒಂದು ಭಾನುವಾರ ಅವಳ ಮನೆಗೆ ಹೋದೆ. ಮೇಲಿನ ಸಾಲಿನಲ್ಲಿ, ಕೆಂಪು ಮಣ್ಣಿನ ಏರು ಹತ್ತಿದ ಮೇಲೆ, ತಗಡು ಹೊದೆಸಿದ ಒಂದು ಖೋಲಿ. ಬಾಗಿಲ ಹೊರಗಿನಿಂದಲೇ ರೊಟ್ಟಿ ಬಡಿಯುವ ಸದ್ದು ಕೇಳಿ ನನಗೆ ತವರಿನ ನೆನಪಾಗಿ, ಬಂದ ಕೆಲಸವೇ ಮರೆತುಹೋಯಿತು. ಅವ್ವ ಕಾಶವ್ವ ನನ್ನನ್ನು ಕಂಡು ಹಿಟ್ಟಿನ ಕೈಯಲ್ಲೇ ಎದ್ದಳು. ಹುಡುಗಿ ಏನು ಕಿತಾಪತಿ ಮಾಡಿದಳೋ ಎಂಬ ಹೆದರಿಕೆ ಮುಖದಲ್ಲಿತ್ತು. ನಾನು ಬೀಜದ ಕಥೆ ಹೇಳಿದೆ. ಕೇಳುತ್ತ ಕೇಳುತ್ತ ಅವಳು ಮೂಲೆಯ ಕಡೆ ನೋಡಿದಳು. ಅಲ್ಲಿ ಒಂದು ದೊಡ್ಡ ತಗಡಿನ ಡಬ್ಬಿ ಇತ್ತು. ಅದಕ್ಕೆ ಅರಿಶಿನ ಕುಂಕುಮ ಹಚ್ಚಿತ್ತು.

ಜೋಳದ ಡಬ್ಬಿ ಅದು. ಅವರ ಮನೆತನದಲ್ಲಿ ಅದನ್ನು ಬಳಿದು ಬರಿದು ಮಾಡುವ ಪದ್ಧತಿ ಇಲ್ಲ. ಎಷ್ಟೇ ಕಷ್ಟವಿದ್ದರೂ ತಳದಲ್ಲಿ ಒಂದು ಹಿಡಿ ಬಿಡಬೇಕು. ಅದು ಡಬ್ಬಿಯ ಪಾಲು, ಮನೆಯವರದ್ದಲ್ಲ. ಬರಿದು ಮಾಡುವುದು ಒಂದೇ ದಿನ, ಊರು ಬಿಡುವಾಗ. ಇದ್ದ ಜೋಳವನ್ನೆಲ್ಲ ಬೀಸಿ, ರೊಟ್ಟಿ ಬಡಿದು, ದಾರಿಗೆ ಬುತ್ತಿ ಕಟ್ಟಿಕೊಂಡ ಮೇಲೆ ಡಬ್ಬಿ ತೊಳೆದು ಬೋರಲು ಹಾಕುತ್ತಾರೆ. ಕಾಳಿರುವ ಡಬ್ಬಿಯನ್ನು ಎಬ್ಬಿಸಿದರೆ ಹೋದಲ್ಲಿ ಅನ್ನ ಹುಟ್ಟುವುದಿಲ್ಲ ಎಂದು ಕಾಶವ್ವನ ಅತ್ತೆ ಹೇಳುತ್ತಿದ್ದಳಂತೆ.

"ಇಕಿ ಸಣ್ಣಾಕಿ ಇದ್ದಾಗಿಂದ ನೋಡ್ಯಾಳ್ರಿ," ಎಂದಳು ಕಾಶವ್ವ. "ಡಬ್ಬಿ ಬೋರಲ ಬಿತ್ತು ಅಂದ್ರ ಮರದಿನ ಗಾಡಿ ಹತ್ತೂದ. ಶಾಲಿ ಬಿಡೂದ, ಗೆಳತ್ಯಾರನ್ನ ಬಿಡೂದ. ಅದಕ ಯಾ ಡಬ್ಬಿ ಕೊಟ್ರೂ ಬರಿದ ಮಾಡಾಕ ಅಂಜತಾಳ್ರಿ."

ರೇಣುಕಾ ಹೊಸ್ತಿಲ ಮೇಲೆ ತಮ್ಮನನ್ನು ತೊಡೆಯಲ್ಲಿಟ್ಟುಕೊಂಡು ಕೂತಿದ್ದಳು. ನಮ್ಮ ಮಾತು ತನಗೆ ಸಂಬಂಧವಿಲ್ಲ ಎಂಬಂತೆ ಅವನ ಮೂಗು ಒರೆಸುತ್ತಿದ್ದಳು. ಆ ಮಗು ನನ್ನ ಬಿಸ್ಕೀಟಿನ ಡಬ್ಬಿಯನ್ನು ತೊಡೆಯ ಮೇಲೆ ಬಿಗಿಯಾಗಿ ಹಿಡಿದುಕೊಂಡು ಕಾಯುತ್ತಿದ್ದದ್ದು ಏನನ್ನು ಎಂದು ಆಗ ತಿಳಿಯಿತು. ಇಳಿದು ಬರುವಾಗ ಕಾಶವ್ವ ಎರಡು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಳು. ಬಸ್ಸಿಗೆ ಕಾಯುತ್ತ ನಿಂತಲ್ಲೇ ಒಂದನ್ನು ತಿಂದುಬಿಟ್ಟೆ.

ಮರುದಿನ ಡಬ್ಬಿಗೆ ಹದಿಮೂರು ಬೀಜ ಹಾಕಿದೆ. ಒಂದನ್ನು ತೆಗೆದು ಎಲ್ಲರಿಗೂ ತೋರಿಸಿ, ಇದು ಡಬ್ಬಿಯ ಪಾಲು, ಇದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಬಾರದು ಎಂದು ಹೇಳಿ ಡಬ್ಬಿಯ ತಳಕ್ಕೆ ಹಾಕಿದೆ. ಇನ್ನುಳಿದ ಹನ್ನೆರಡನ್ನು ನಾಲ್ಕು ಮಂದಿಗೆ ಹಂಚಬೇಕು. ರೇಣುಕಾ ನನ್ನ ಮುಖವನ್ನೇ ನೋಡಿದಳು. ಆಮೇಲೆ ಡಬ್ಬಿಯ ಒಳಗೆ ಇಣುಕಿದಳು. ಎಲ್ಲರ ಕೈಗೂ ಮೂರು ಮೂರು ಬೀಜ ಹಾಕಿ, ಮೆಲ್ಲಗೆ ಡಬ್ಬಿ ಅಲ್ಲಾಡಿಸಿದಳು. ಒಳಗೆ ಒಂಟಿ ಬೀಜ ಸದ್ದು ಮಾಡಿತು. ಶೇಷ ಸೊನ್ನೆ ಎಂದು ಅವಳು ಮೊದಲ ಸಲ ಹೇಳಿದ್ದು ಆಗ. ಹೇಳಿ ನಕ್ಕಳು. ಅವಳ ಮುಂದಿನ ಹಲ್ಲೊಂದು ಬಿದ್ದದ್ದು ನನಗೆ ಅವತ್ತೇ ಕಂಡದ್ದು, ಅಲ್ಲಿಯವರೆಗೆ ಅವಳು ಕ್ಲಾಸಿನಲ್ಲಿ ನಕ್ಕಿರಲೇ ಇಲ್ಲ.

ಪಾಟಿಯ ಮೇಲೂ ಅವಳು ದಾರಿ ಮಾಡಿಕೊಂಡಳು. ಲೆಕ್ಕ ಶುರು ಮಾಡುವ ಮೊದಲು ಮೂಲೆಯಲ್ಲಿ ಒಂದು ಚುಕ್ಕಿ ಇಡುವಳು. ಅದು ಡಬ್ಬಿಯ ಪಾಲು. ಆಮೇಲೆ ಎಷ್ಟು ದೊಡ್ಡ ಸಂಖ್ಯೆಯನ್ನು ಕೊಟ್ಟರೂ ಧೈರ್ಯವಾಗಿ ಕೊನೆಯವರೆಗೆ ಭಾಗಿಸುವಳು. ನೋಡನೋಡುತ್ತ ನಾಲ್ಕನೇ ತರಗತಿಯ ಎಲ್ಲ ಪಾಟಿಗಳ ಮೂಲೆಯಲ್ಲೂ ಚುಕ್ಕಿಗಳು ಬಂದವು. ಬೆನ್ನ ಹಿಂದಿನ ಮೂರನೆಯವರೂ ಮಗ್ಗಿ ಬರೆಯುವಾಗ ಚುಕ್ಕಿ ಇಡತೊಡಗಿದರು. ಇದೇನು ಹೊಸ ಪದ್ಧತಿ ಎಂದು ಪಾಟೀಲ ಸರ್ ಕೇಳಿದಾಗ ತರಬೇತಿಯಲ್ಲಿ ಹೇಳಿಕೊಟ್ಟದ್ದು ಎಂದುಬಿಟ್ಟೆ. ಅವರು ಕನ್ನಡಕ ಸರಿಮಾಡಿಕೊಂಡು, ಚಲೋ ಐತಿ ಎಂದರು.

ಹೀಗೆ ಮಳೆಗಾಲ ಕಳೆಯಿತು. ಗಣೇಶ ಚೌತಿ, ದಸರಾ, ದೀಪಾವಳಿ ಎಲ್ಲ ಆದವು. ಪ್ರತಿ ಸೋಮವಾರ ಹಾಜರಿ ಕರೆಯುವಾಗ ರೇಣುಕಾ ಎಂಬ ಹೆಸರಿಗೆ ಬಂದರೆ ನನ್ನ ದನಿ ತಾನಾಗಿ ಸಣ್ಣದಾಗುತ್ತಿತ್ತು. ಹಾಜರ್ರಿ ಎಂದು ಕೇಳಿದ ಮೇಲೆಯೇ ಮುಂದಿನ ಹೆಸರು.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಅವಳು ತಡವಾಗಿ ಬಂದಳು. ಜಡೆ ಹೆಣೆದಿರಲಿಲ್ಲ. ಅವತ್ತು ಬೀಜ ಹಂಚುವ ಸರದಿ ಅವಳದ್ದೇ. ನಾಲ್ಕು ಮಂದಿಯನ್ನು ಕೂರಿಸಿಕೊಂಡು ಎಲ್ಲರಿಗೂ ಸಮನಾಗಿ ಹಾಕಿದಳು. ಆಮೇಲೆ ಡಬ್ಬಿಯೊಳಗೆ ಕೈ ಹಾಕಿ, ತಳದಲ್ಲಿದ್ದ ಆ ಒಂಟಿ ಬೀಜವನ್ನೂ ತೆಗೆದಳು. ಎದ್ದು ಬಂದು ಅದನ್ನು ನನ್ನ ಅಂಗೈಯಲ್ಲಿಟ್ಟಳು. ತಿರುಗಿ ಹೋಗಿ ಡಬ್ಬಿಯನ್ನು ನೆಲದ ಮೇಲೆ ಬೋರಲು ಹಾಕಿದಳು.

ಮಕ್ಕಳಿಗೆ ಅದೊಂದು ಆಟ ಅನ್ನಿಸಿರಬೇಕು, ಒಬ್ಬ ಡಬ್ಬಿಯನ್ನು ತಬಲಾದ ಹಾಗೆ ಬಾರಿಸಿದ. ನಾನು ಅವಳನ್ನು ಹೊರಗೆ ಕರೆದುಕೊಂಡು ಹೋಗಿ ಕೇಳಿದೆ. ಅವಳು ಅಳಲಿಲ್ಲ. ಕುಡಚಡೆಯಲ್ಲಿ ಹೊಸ ಕೆಲಸ ಸಿಕ್ಕಿದೆ, ಮುಕಾದಮ ನಾಳೆ ಬೆಳಗ್ಗೆ ಎಲ್ಲರನ್ನೂ ಕರೆದೊಯ್ಯುತ್ತಾನೆ, ಅವ್ವ ಡಬ್ಬಿ ತೊಳೆಯುತ್ತಿದ್ದಾಳೆ ಎಂದಳು. ದೊಡ್ಡವರ ಹಾಗೆ ಹೇಳಿದಳು. ಪರೀಕ್ಷೆಗೆ ಉಳಿದದ್ದು ಎರಡೋ ಮೂರೋ ತಿಂಗಳು.

ಆ ದಿನ ಉಳಿದ ಹೊತ್ತು ನಾನು ಏನು ಕಲಿಸಿದೆನೋ ದೇವರಿಗೇ ಗೊತ್ತು. ಮನೆಗೆ ಬಂದು ಚಹಾಕ್ಕೆ ಇಟ್ಟೆ, ಚಹಾ ಉಕ್ಕಿ ಒಲೆ ಆರಿತು. ನಾನು ಅಡುಗೆಮನೆಯಲ್ಲಿ ನಿಂತೇ ಇದ್ದೆ. ಆಮೇಲೆ ಏನು ಹೊಳೆಯಿತೋ, ಕೈಗೆ ಸಿಕ್ಕ ಡಬ್ಬಿಯಿಂದ ಒಂದು ಹಿಡಿ ತೆಗೆದು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೊರಟೆ. ಎಲ್ಲಿಗೆ ಎಂದು ನಮ್ಮ ಮನೆಯವರು ಕೇಳಿದರು. ಲೆಕ್ಕ ತಪ್ಪಿದೆ, ತಿದ್ದಿ ಬರುತ್ತೇನೆ ಎಂದೆ.

ಖೋಲಿಯಲ್ಲಿ ಗಂಟುಮೂಟೆ ಕಟ್ಟಿಯಾಗಿತ್ತು. ಭೀಮಪ್ಪ ಗೋಣಿದಾರದಿಂದ ಪಾತ್ರೆಗಳ ಬುಟ್ಟಿಯನ್ನು ಬಿಗಿಯುತ್ತಿದ್ದ. ತೊಳೆದ ಡಬ್ಬಿ ಬಾಗಿಲ ಬಳಿ ಬೋರಲು ಬಿದ್ದಿತ್ತು. ನಾನು ಬಸ್ಸಿನಲ್ಲಿ ಬರುವಾಗ ಭಾಷಣವೊಂದನ್ನು ಸಿದ್ಧ ಮಾಡಿಕೊಂಡಿದ್ದೆ, ಹೆಣ್ಣುಮಕ್ಕಳ ಓದು, ಮುಂದಿನ ಬದುಕು, ಹೀಗೆ. ಏರು ಹತ್ತುವಾಗ ಏದುಸಿರಿನಲ್ಲಿ ಅದು ಎಲ್ಲಿ ಉದುರಿತೋ. ಯಾರಿಗೂ ಏನೂ ಹೇಳದೆ ಡಬ್ಬಿಯನ್ನು ಎತ್ತಿ ನೆಟ್ಟಗೆ ನಿಲ್ಲಿಸಿ, ಸೆರಗಿನ ಗಂಟು ಬಿಚ್ಚಿ ಅದರೊಳಗೆ ಸುರುವಿದೆ.

"ಏನ ಮಾಡಿದ್ರಿ ಅಕ್ಕಾರ?" ಎಂದಳು ಕಾಶವ್ವ. "ತೊಳದಿಟ್ಟ ಡಬ್ಬಿ ಅದು."

"ಕಾಳಿದ್ದ ಡಬ್ಬಿ ಎಬ್ಬಿಸಬಾರದು ಅಂತ ನೀವ ಹೇಳಿದ್ರಲ್ಲ," ಎಂದೆ.

ವರ್ಷವಿಡೀ ಅವಳ ಮಗಳಿಗೆ ಬರಿದು ಮಾಡುವುದನ್ನು ಕಲಿಸಲು ಹೆಣಗಿದ ಗಣಿತದ ಟೀಚರು ಆಡುವ ಮಾತೇ ಇದು? ನನಗೇ ನಾಚಿಕೆಯಾಯಿತು. ಭೀಮಪ್ಪ ದಾರ ಬಿಗಿಯುವುದನ್ನು ನಿಲ್ಲಿಸಿದ. ಕಾಶವ್ವ ಬಗ್ಗಿ ಡಬ್ಬಿಯೊಳಗೆ ನೋಡಿದಳು. ನೋಡುತ್ತಲೇ ಇದ್ದಳು. ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗತೊಡಗಿದಳು. ಜೋಳದ ಡಬ್ಬಿಗೆ ನಾನು ತೊಗರಿಬೇಳೆ ಹಾಕಿದ್ದೆ. ಅವಸರದಲ್ಲಿ ನೋಡಿಯೇ ಇರಲಿಲ್ಲ.

ಅವಳು ಆ ಹಿಡಿ ಬೇಳೆಯನ್ನು ತೆಗೆದು ನನ್ನ ಸೆರಗಿಗೇ ವಾಪಸು ಸುರುವಿದ್ದರೆ ಎಲ್ಲವೂ ಅಲ್ಲಿಗೆ ಮುಗಿಯುತ್ತಿತ್ತು. ಹಾಗೆ ಮಾಡಲಿಲ್ಲ. ನಗು ನಿಂತ ಮೇಲೆ ಡಬ್ಬಿಯನ್ನು ಎರಡೂ ಕೈಯಿಂದ ಎತ್ತಿಕೊಂಡು ಹೋಗಿ ಅದರ ಹಳೆಯ ಮೂಲೆಯಲ್ಲೇ ಇಟ್ಟಳು. ಗಂಡನ ಕಡೆ ತಿರುಗಿದಳು.

"ನೀವ ಮುಂದ ಹೋಗ್ರಿ. ಡಬ್ಬ್ಯಾಗ ಕಾಳ ಬಿದ್ದೈತಿ, ನಾ ಈಗ ಹೆಂಗ ಬರ್ಲಿ? ಹುಡುಗಿ ಪರೀಕ್ಷಾ ಆಗ್ಲಿ."

ಭೀಮಪ್ಪ ನನ್ನನ್ನು ನೋಡಿದ, ಹೆಂಡತಿಯನ್ನು ನೋಡಿದ, ಕಟ್ಟಿದ ಬುಟ್ಟಿಯನ್ನು ನೋಡಿದ. ಹೆಂಗಸರಿಬ್ಬರು ಒಂದಾದ ಮೇಲೆ ಗಂಡಸು ಏನು ಮಾಡಬೇಕೋ ಅದನ್ನೇ ಮಾಡಿದ. ಬೀಡಿ ಹಚ್ಚಿಕೊಂಡು ಹೊರಗೆ ಹೋದ. ಕಾಶವ್ವನ ಮನಸ್ಸು ಮೊದಲೇ ಅಲ್ಲಿತ್ತು ಎಂದು ನನಗೆ ಈಗ ಅನ್ನಿಸುತ್ತದೆ. ಬೇಕಾಗಿದ್ದದ್ದು ಒಂದು ನೆಪ, ಅದು ಬೇಳೆಯಾದರೇನು, ಜೋಳವಾದರೇನು. ಒಳಗೆ ರೇಣುಕಾ ಕಟ್ಟಿದ ಗಂಟೊಂದನ್ನು ಆಗಲೇ ಬಿಚ್ಚಿ ಬಾಚಣಿಕೆ ಹುಡುಕುತ್ತಿದ್ದಳು.

ಭೀಮಪ್ಪ ಕುಡಚಡೆಗೆ ಹೋದ. ವಾರಕ್ಕೊಮ್ಮೆ ರೈಲಿನಲ್ಲಿ ಬಂದು ಹೋಗುತ್ತಿದ್ದ. ಕಾಶವ್ವ ಸಾಂಕೋಲೆಯ ಕಡೆಯ ಒಂದು ಕಟ್ಟಡದಲ್ಲಿ ಬುಟ್ಟಿ ಹೊತ್ತಳು. ಹುಡುಗಿ ಪರೀಕ್ಷೆ ಬರೆದಳು, ಪಾಸಾದಳು. ಗಣಿತದ ಉತ್ತರಪತ್ರಿಕೆಯ ಪ್ರತಿ ಲೆಕ್ಕದ ಮುಂದೆ ಚುಕ್ಕಿ ಇತ್ತು. ಪಾಟೀಲ ಸರ್ ಅಂಕಪಟ್ಟಿಗೆ ಸಹಿ ಮಾಡಿ, ನನಗೆ ಕಾಣದ ಹಾಗೆ ಕನ್ನಡಕ ಒರೆಸಿಕೊಂಡರು. ನನಗೆ ಕಂಡಿತು.

ಊರು ಬಿಡುವ ದಿನ ತಾಯಿ ಮಕ್ಕಳು ನಮ್ಮ ಮನೆಗೆ ಬಂದರು. ನಮ್ಮ ಮನೆಯವರು ಕಟ್ಟೆಯ ಮೇಲೆ ಪೇಪರು ಓದುತ್ತಿದ್ದರು. ಕಾಶವ್ವ ಸೊಂಟದಿಂದ ಒಂದು ಸಣ್ಣ ಬಟ್ಟೆಯ ಗಂಟು ತೆಗೆದು ನನ್ನ ಕೈಗಿಟ್ಟಳು. ಬಿಚ್ಚಿದರೆ ಅದೇ ತೊಗರಿಬೇಳೆ. ಜೋಳದ ಜೊತೆ ಕೂಡದ ಹಾಗೆ ಗಂಟು ಕಟ್ಟಿ ಡಬ್ಬಿಯ ತಳದಲ್ಲಿ ಇಟ್ಟಿದ್ದಳಂತೆ. ಅಷ್ಟು ದಿನ ಅದರಲ್ಲಿ ಒಂದು ಕಾಳನ್ನೂ ಬೇಯಿಸಿರಲಿಲ್ಲ. ಇವತ್ತು ಡಬ್ಬಿ ತೊಳೆದೆವು, ನಿಮ್ಮದು ನಿಮಗೆ ಎಂದಳು. ನಾನು ಒಳಗೆ ಹೋಗಿ ಆ ಬೇಳೆಯನ್ನು ನಮ್ಮ ಡಬ್ಬಿಗೆ ಸುರುವಿದೆ. ರೇಣುಕಾ ಹಿಂದೆಯೇ ಬಂದು ಹಿಮ್ಮಡಿ ಎತ್ತಿ ಡಬ್ಬಿಯೊಳಗೆ ಇಣುಕಿದಳು.

"ಇದನ್ನ ಬರಿದ ಮಾಡಬ್ಯಾಡ್ರಿ ಅಕ್ಕಾರ," ಎಂದಳು. "ಮಾಡಿದ್ರ ನೀವೂ ಊರ ಬಿಡಬೇಕಾಕೈತಿ. ನಾ ಬಂದಾಗ ನೀವ ಇಲ್ಲೇ ಇರಬೇಕಲ್ರಿ."

ಮಾಡುವುದಿಲ್ಲ ಎಂದೆ. ಕೆನ್ನೆ ಹಿಂಡಿದೆ. ತಮ್ಮನನ್ನು ಸೊಂಟಕ್ಕೆ ಏರಿಸಿಕೊಂಡು ಅವಳು ರಸ್ತೆಯ ತಿರುವಿನವರೆಗೆ ಹಿಂದೆ ತಿರುಗಿ ನೋಡುತ್ತ ಹೋದಳು. ಕುಡಚಡೆಯಲ್ಲಿ ಐದಕ್ಕೆ ಸೇರಿದಳೆಂದು ಭೀಮಪ್ಪನ ಗ್ಯಾಂಗಿನ ಒಬ್ಬ ಹೇಳಿದ್ದ. ಆಮೇಲೆ ಆ ಗ್ಯಾಂಗೂ ಎಲ್ಲಿಗೋ ಎದ್ದುಹೋಯಿತು, ಸುದ್ದಿಯೂ ನಿಂತಿತು. ಅವಳು ಈಗ ನನ್ನಷ್ಟು ಎತ್ತರ ಬೆಳೆದಿರಬೇಕು, ಎದುರಿಗೆ ಬಂದರೆ ಗುರುತು ಹಿಡಿಯುತ್ತೇನೋ ಇಲ್ಲವೋ. ಆ ಬೇಳೆಯಂತೂ ಎಂದೋ ಸಾರಾಗಿ ಹೋಗಿದೆ, ನನಗೂ ಗೊತ್ತು. ಆದರೆ ಡಬ್ಬಿ ಮಾತ್ರ ಅವತ್ತಿನಿಂದ ಒಮ್ಮೆಯೂ ಬರಿದಾಗಿಲ್ಲ.

ನಮ್ಮ ಮನೆಯವರು ನಿವೃತ್ತರಾದ ಮೇಲೆ ಊರಿಗೆ ಹೋಗೋಣ ಎಂಬ ಮಾತು ಆಗಾಗ ಬರುತ್ತದೆ. ಗದಗಿನಲ್ಲಿ ಅವರ ತಮ್ಮಂದಿರಿದ್ದಾರೆ, ಜಾಗವೂ ಇದೆ. ನಾನು ನೋಡೋಣ ಎನ್ನುತ್ತೇನೆ. ಯಾಕೆ ಎಂದು ನಾನು ಅವರಿಗೆ ಯಾವತ್ತೂ ಬಿಡಿಸಿ ಹೇಳಿಲ್ಲ. ಸ್ಟೋರ್ಸಿನಲ್ಲಿ ಮೊಳೆ ಬೋಲ್ಟು ಎಣಿಸಿದ ಮನುಷ್ಯನಿಗೆ ಇದನ್ನೆಲ್ಲ ಹೇಗೆ ಹೇಳುವುದು?

ಮೊನ್ನೆ ಅಕ್ಕನ ಮೊಣಕಾಲಿನ ಆಪರೇಶನ್ನಿಗೆಂದು ಹುಬ್ಬಳ್ಳಿಗೆ ಹೋಗಿದ್ದೆ. ಮಗ್ಗಿ ಹೇಳುತ್ತಿದ್ದ ಅದೇ ಅಕ್ಕ. ಹಾಸಿಗೆಯಲ್ಲಿ ಬೇಸರವಾಗಿ ಹದಿನಾಲ್ಕೇಳಲೆ ಎಷ್ಟು ಎಂದು ನನ್ನನ್ನು ಕೇಳಿ ಕಾಡಿದಳು. ನಾನು ಇಲ್ಲಿಂದ ಹೋಗುವಾಗ ಮನೆಯಲ್ಲಿ ಬೇಳೆ ತೀರುತ್ತ ಬಂದಿತ್ತು. ತಿರುಗಿ ಬರುವ ಬಸ್ಸಿನಲ್ಲಿ ಕೂತ ಮೇಲೆ ಅದು ನೆನಪಾಯಿತು. ಮನೆಯಲ್ಲಿ ಅವರೊಬ್ಬರೇ, ಹೇಳುವವರು ಕೇಳುವವರು ಇಲ್ಲ. ಡಬ್ಬಿಯನ್ನು ಬರಿದು ಮಾಡಿ, ಸೋಪು ಹಾಕಿ ತೊಳೆದು, ತಮ್ಮ ಪದ್ಧತಿಯ ಪ್ರಕಾರ ತುಂಬಿಸಿರುತ್ತಾರೆ ಎಂದು ಮನಸ್ಸಿನಲ್ಲೇ ಖಾತ್ರಿ ಮಾಡಿಕೊಂಡೆ. ಫೋನು ಮಾಡಿ ಹೇಳಲು ಮನಸ್ಸು ಬರಲಿಲ್ಲ.

ಬಂದವಳು ಚಪ್ಪಲಿ ಬಿಟ್ಟು ಸೀದಾ ಅಡುಗೆಮನೆಗೆ ಹೋದೆ. ಡಬ್ಬಿ ತುಂಬಿತ್ತು. ಹೊಸ ಬೇಳೆಯೊಳಗೆ ಕೈ ಇಳಿಸಿ ತಳದಿಂದ ಒಂದಿಷ್ಟು ಮೇಲೆ ತಂದೆ. ನಾನು ಬಿಟ್ಟುಹೋಗಿದ್ದ ಹಳೆಯ ಬೇಳೆ, ಬಣ್ಣ ಒಂದಿಷ್ಟು ಮಂಕಾದದ್ದು, ಅಲ್ಲೇ ಇತ್ತು.

ಡಬ್ಬಿ ತೊಳೆಯಲಿಲ್ಲವೇ ಎಂದು ಅಲ್ಲಿಂದಲೇ ಕೇಳಿದೆ. ಕಟ್ಟೆಯ ಮೇಲೆ ಪೇಪರಿನ ಹಾಳೆ ತಿರುವಿದ ಸದ್ದಾಯಿತು.

"ತೊಳೀಲಿಲ್ಲ," ಎಂದರು. "ಆ ಹುಡುಗಿ ಬಂದ್ರ ನಾವ ಇಲ್ಲೇ ಇರಬೇಕಲ್ಲ."